ಆರ್ಡರ್ ತಪ್ಪು ಅನ್ನಿಸಿದರೆ ಸೇನೆಯ ಜವಾನ ಏನು ಮಾಡಬಹುದು? ಶಾಸಕರ ವಿಪ್‌ಗೂ ಅದೇ ಲೆಕ್ಕವೇ?

ಮೂರ್ನಾಡು ಮೇಷ್ಟ್ರು (ಪ್ರಶ್ನೆ):

ಪಿಯು ಮಕ್ಕಳ ಚರ್ಚಾಸ್ಪರ್ಧೆಗೆ ‘ಸೈನಿಕನಿಗೆ ವಿಧೇಯತೆಯೇ ಮೊದಲ ಗುಣ’ ಎಂಬ ವಿಷಯ ಬಂದಿದೆ. ಗೋಡೆಯ ಮೇಲೆ ಯೂನಿಫಾರ್ಮಿನ ಫೋಟೊ ಇಲ್ಲದ ಮನೆಯನ್ನು ಹುಡುಕಬೇಕಾದ ಜಿಲ್ಲೆ ನಮ್ಮ ಕೊಡಗು. ಪರವಾಗಿ ಮಾತಾಡಲು ಎಲ್ಲರೂ ಮುಂದೆ ಬರುತ್ತಾರೆ. ವಿರೋಧ ತಂಡದ ಕೈಯಲ್ಲಿ ಹಿಟ್ಲರನ ಹೆಸರು ಬಿಟ್ಟರೆ ಬೇರೆ ಸರಕಿಲ್ಲ.

ಭಾಷಣದ ಮಾತು ಬೇಡ, ಗಟ್ಟಿ ವಿಷಯ ಬೇಕು. ಭಾರತದ ಸೇನೆಯಲ್ಲಿ ಆರ್ಡರ್ ಪಾಲಿಸದಿದ್ದರೆ ನಿಜಕ್ಕೂ ಏನಾಗುತ್ತದೆ? ತಪ್ಪು ಆರ್ಡರಿಗೆ ‘ಇಲ್ಲ’ ಎನ್ನುವ ದಾರಿ ಕಾನೂನಿನಲ್ಲಿ ಇದೆಯೇ, ಇದ್ದರೆ ಅದನ್ನು ಹೇಳುವ ಕ್ರಮ ಹೇಗೆ? ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆಯಾಗಿದ್ದ ‘ಸನ್ನಿ ಸೈಡ್’ ಮ್ಯೂಸಿಯಂ ನೋಡಿ ಬಂದ ಮಕ್ಕಳು ಇನ್ನೊಂದು ಪ್ರಶ್ನೆ ಹಿಡಿದುಕೊಂಡಿದ್ದಾರೆ: 1959ರಲ್ಲಿ ಜನರಲ್ ತಿಮ್ಮಯ್ಯನವರು ರಾಜೀನಾಮೆ ಕೊಟ್ಟದ್ದು ಅವಿಧೇಯತೆಯೇ? ಹಾಗೆಯೇ, ಪಕ್ಷದ ವಿಪ್ (ಸದನದಲ್ಲಿ ಹೀಗೇ ಮತ ಹಾಕಿ ಎಂಬ ಆದೇಶ) ಉಲ್ಲಂಘಿಸಿದ ಶಾಸಕನನ್ನೂ ಶಿಸ್ತು ಮುರಿದ ಸೈನಿಕನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ?

ಪಾಲಿಬೆಟ್ಟ ಸುಬೇದಾರ್:

ಮೇಷ್ಟ್ರೇ, ಮೇಲಿನವರು ಹೇಳಿದ್ದನ್ನೆಲ್ಲ ಮಾಡು ಎಂದು ಸೇನೆಯ ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ. 1950ರ ಸೇನಾ ಕಾಯ್ದೆಯ 41ನೇ ಸೆಕ್ಷನ್ ತೆಗೆಯಿರಿ. ಅಲ್ಲಿರುವ ಮಾತು ‘ಕಾನೂನುಬದ್ಧ ಆಜ್ಞೆ’. ಎರಡೂ ತಂಡದ ಮಕ್ಕಳು ಇಲ್ಲಿಂದಲೇ ಶುರು ಮಾಡಲಿ.

ಈ ಸೆಕ್ಷನ್‌ನಲ್ಲಿ ಎರಡು ಭಾಗ. ಮೇಲಧಿಕಾರಿ ತನ್ನ ಕರ್ತವ್ಯದ ಮೇಲೆ ಇದ್ದಾಗ ತಾನೇ ಖುದ್ದಾಗಿ ಕೊಟ್ಟ ಆಜ್ಞೆಯನ್ನು, ಅವನ ಅಧಿಕಾರಕ್ಕೇ ಸಡ್ಡು ಹೊಡೆಯುವಂತೆ ಬೇಕೆಂದೇ ಮೀರಿದರೆ 14 ವರ್ಷದವರೆಗೆ ಜೈಲು. ಆಜ್ಞೆ ಬಾಯಿಮಾತಿನದೋ ಬರಹದ್ದೋ ಸಿಗ್ನಲ್‌ನದೋ ಎಂಬುದು ಮುಖ್ಯವಲ್ಲ. ಅಂಥ ಸಡ್ಡು ಇಲ್ಲದ ಸಾಧಾರಣ ಉಲ್ಲಂಘನೆಗೆ, ಯುದ್ಧದ ಸೇವೆಯಲ್ಲಿದ್ದರೆ 14, ಇಲ್ಲದಿದ್ದರೆ 5 ವರ್ಷದವರೆಗೆ. ಸ್ಟ್ಯಾಂಡಿಂಗ್ ಆರ್ಡರಿನಂಥ ಸಾಮಾನ್ಯ ಆದೇಶವನ್ನು ಅಲಕ್ಷ್ಯ ಮಾಡಿದರೆ ಅದು 42ನೇ ಸೆಕ್ಷನ್‌ಗೆ ಹೋಗುತ್ತದೆ, ಗರಿಷ್ಠ 2 ವರ್ಷ. ಅಂದರೆ ಎಲ್ಲ ಅವಿಧೇಯತೆಯೂ ಒಂದೇ ತೂಕದ್ದಲ್ಲ.

ಆಜ್ಞೆ ಕಾನೂನುಬದ್ಧ ಅನ್ನಿಸಿಕೊಳ್ಳಬೇಕಾದರೆ ಅದು ಮಿಲಿಟರಿ ಕೆಲಸಕ್ಕೆ ಸಂಬಂಧಪಟ್ಟಿರಬೇಕು. ಮೆಸ್ಸಿನ ಸುತ್ತ ಹುಲ್ಲು ಕೊಯ್ಯುವುದು ಫಟೀಗ್ ಡ್ಯೂಟಿ (ಯೂನಿಟ್ಟಿನ ಮೈಕೆಲಸ), ಅದನ್ನು ಮಾಡಲೇಬೇಕು. ಆದರೆ ‘ನಮ್ಮ ತೋಟದಲ್ಲಿ ಕಾಫಿ ಕುಯ್ಲು ಶುರುವಾಗಿದೆ, ನಾಲ್ಕು ದಿನ ಬಾ’ ಎಂದು ಯಾರಾದರೂ ಹೇಳಿದರೆ ಅದು ಆ ಹೆಗಲ ಮೇಲಿನ ನಕ್ಷತ್ರದ ಆಜ್ಞೆಯಲ್ಲ, ಸ್ವಂತ ಲಾಭದ ಮಾತು. ಆಜ್ಞೆ ನಿರ್ದಿಷ್ಟವಾಗಿಯೂ ಇರಬೇಕು. ‘ಸರಿಯಾಗಿ ನಡೆದುಕೋ’ ಎಂಬುದರ ಮೇಲೆ 41ರ ಚಾರ್ಜ್ ನಿಲ್ಲದು. ಆ ಹೊತ್ತಿಗೆ ಆ ಮನುಷ್ಯನಿಂದ ಆಗುವ ಕೆಲಸವೂ ಆಗಿರಬೇಕು.

ಹೊತ್ತಿನ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ‘ನಾಳೆ ಬೆಳಿಗ್ಗೆ 6ಕ್ಕೆ ಕ್ವಾರ್ಟರ್ ಗಾರ್ಡಿಗೆ (ಯೂನಿಟ್ಟಿನ ಕಾವಲು ಕೆಲಸಕ್ಕೆ) ಹೋಗು’ ಎಂದಾಗ ಜವಾನ ಸಿಟ್ಟಿನಲ್ಲಿ ‘ಹೋಗಲ್ಲ’ ಎಂದುಬಿಟ್ಟ ಅಂತಿಟ್ಟುಕೊಳ್ಳಿ. ಆ ಸಂಜೆಗೆ ಆಜ್ಞೆ ಮೀರಿದಂತೆ ಆಗಲಿಲ್ಲ. ಬೆಳಿಗ್ಗೆ 6 ದಾಟಿ ಅವನು ಬರದಿದ್ದಾಗಲೇ ಉಲ್ಲಂಘನೆ. ಆದರೆ ‘ಹೋಗಲ್ಲ’ ಎಂದ ಆ ಮಾತೇ ಉದ್ಧಟತನದ ಮಾತಾದರೆ 40ನೇ ಸೆಕ್ಷನ್ ಬೇರೆಯಾಗಿ ಕಾದಿದೆ. ಚಾರ್ಜ್‌ಶೀಟ್ ಬರೆಯುವವರು ಈ ಎರಡನ್ನೂ ಕಲಸಿಬಿಟ್ಟರೆ ಕೇಸು ಬೀಳುತ್ತದೆ.

ಪರ ತಂಡಕ್ಕೆ ಬೇಕಾದ ಮುಖ್ಯ ಮಾತು ಇದು: ಆಜ್ಞೆ ಸರಿಯೋ ತಪ್ಪೋ ಎಂಬ ಅನುಮಾನ ಮಾತ್ರ ಇದ್ದರೆ, ಮೊದಲು ಪಾಲಿಸಬೇಕು, ಆಮೇಲೆ ದೂರಬೇಕು. ಹುದ್ದೆಯಲ್ಲಿ ಕೆಳಗಿರುವವನಿಗೆ ಇಡೀ ಚಿತ್ರ ಕಾಣುವುದಿಲ್ಲ. ‘ಈ ಗುಡ್ಡ ಬಿಟ್ಟು ಹಿಂದೆ ಸರಿ’ ಎಂಬ ಆರ್ಡರ್ ಅಲ್ಲಿರುವ ಸಣ್ಣ ತುಕಡಿಗೆ ಹುಚ್ಚುತನ ಅನ್ನಿಸಬಹುದು. ಪಕ್ಕದ ಗುಡ್ಡದಿಂದ ಇನ್ನೊಂದು ಕಂಪನಿ ಅವರನ್ನೇ ನೆಚ್ಚಿಕೊಂಡು ಇಳಿಯುತ್ತಿರಬಹುದು. ಅಲ್ಲಿ ಚರ್ಚೆಗೆ ಕುಳಿತರೆ ಸಾಯುವವನು ಪಕ್ಕದ ಗುಡ್ಡದ ಹುಡುಗ.

ಆಮೇಲೆ ದೂರುವ ದಾರಿ 26ನೇ ಸೆಕ್ಷನ್. ಜವಾನನೂ ಜೆಸಿಒನೂ (ಸುಬೇದಾರರಂಥ ಕಿರಿಯ ಅಧಿಕಾರಿ) ತನ್ನ ಕಂಪನಿ ಕಮಾಂಡರ್‌ಗೆ ದೂರು ಕೊಡಬೇಕು. ದೂರು ಅವರ ಮೇಲೆಯೇ ಇದ್ದರೆ ಅವರ ಮೇಲಿನವರಿಗೆ. ದೂರು ಪಡೆದವರು ಪೂರ್ತಿ ತನಿಖೆ ಮಾಡಲೇಬೇಕು, ತಮ್ಮ ಕೈಲಿ ಆಗದಿದ್ದರೆ ಮೇಲಕ್ಕೆ ಕಳಿಸಬೇಕು. ಆಫೀಸರ್‌ಗಳಿಗೆ 27ನೇ ಸೆಕ್ಷನ್, ಅವರದು ಕೇಂದ್ರ ಸರ್ಕಾರದವರೆಗೆ ಹೋಗುತ್ತದೆ. ದೂರು ಬರೆಯುವಾಗ ತಾರೀಖು, ಹೊತ್ತು, ಜಾಗ, ಆಡಿದ ಪದಗಳು, ಯಾರು ಕೇಳಿಸಿಕೊಂಡರು ಎಂಬುದಷ್ಟೇ ಇರಲಿ. ಬೇಕೆಂದೇ ಸುಳ್ಳು ಸೇರಿಸಿ ಒಬ್ಬರ ಚಾರಿತ್ರ್ಯ ಕೆಡಿಸಿದರೆ 56ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಶಿಕ್ಷೆ ಇದೆ. ಕಮಾಂಡರ್ ಎಲ್ಲರನ್ನೂ ಸೇರಿಸಿ ಮಾತಾಡುವ ಸೈನಿಕ ಸಮ್ಮೇಳನದಲ್ಲಿ ಎದ್ದು ಕೇಳಬಹುದು, ಆದರೆ ರೇಷನ್, ರಜೆ, ಕ್ವಾರ್ಟರ್ಸ್‌ನಂಥ ಎಲ್ಲರ ವಿಷಯಕ್ಕೆ ಅದು ಸರಿಯಾದ ಜಾಗ, ಒಬ್ಬ ಅಧಿಕಾರಿಯ ಮೇಲಿನ ದೂರಿಗಲ್ಲ.

ಪೇಪರಿಗೆ, ಯೂಟ್ಯೂಬಿಗೆ, ಫೇಸ್‌ಬುಕ್ಕಿಗೆ ಮೊದಲು ಹೋಗಬಾರದು. ಸಂವಿಧಾನದ 33ನೇ ವಿಧಿ, ಸೇನಾ ಕಾಯ್ದೆಯ 21ನೇ ಸೆಕ್ಷನ್, ಅದರಡಿಯ ನಿಯಮಗಳು ಆ ಬಾಗಿಲು ಮುಚ್ಚಿವೆ. ನ್ಯಾಯ ಅವನ ಕಡೆಯೇ ಇದ್ದರೂ ವಿಡಿಯೊ ಹಾಕಿದ ದಿನದಿಂದ ವಿಚಾರಣೆ ವಿಡಿಯೊದ ಮೇಲೆ ನಡೆಯುತ್ತದೆ, ದೂರು ಮೂಲೆ ಸೇರುತ್ತದೆ.

ವಿರಾಜಪೇಟೆ ವಕೀಲೆ:

ಸುಬೇದಾರರು ಹೇಳಿದ ‘ಮೊದಲು ಪಾಲಿಸು’ ಎಂಬುದಕ್ಕೆ ಒಂದು ಗಡಿ ಇದೆ. ಅದನ್ನು ಹೇಳದೆ ಬಿಟ್ಟರೆ ಮಕ್ಕಳು ಅರ್ಧ ಸತ್ಯ ಹೊತ್ತುಕೊಂಡು ವೇದಿಕೆ ಹತ್ತುತ್ತಾರೆ.

ನೋಡಿದ ಯಾರಿಗಾದರೂ ಅಪರಾಧವೆಂದು ಗೊತ್ತಾಗುವ ಆಜ್ಞೆ ಆಜ್ಞೆಯೇ ಅಲ್ಲ. ಶರಣಾದವನನ್ನು ಕೊಲ್ಲು, ಕೈದಿಗೆ ಚಿತ್ರಹಿಂಸೆ ಕೊಡು, ಹೆಂಗಸರ ಮೇಲೆ ಕೈಮಾಡು, ಸುಳ್ಳು ಎನ್‌ಕೌಂಟರ್ ಮಾಡು. ಇಲ್ಲಿ ಪಾಲಿಸಿದವನೂ ಅಪರಾಧಿ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ನಮ್ಮದೇ ಸಂಸತ್ತು ಮಾಡಿದ್ದು. ಅದರಲ್ಲಿ ಆ ಒಪ್ಪಂದಗಳ ರಕ್ಷಣೆಯಲ್ಲಿರುವ ವ್ಯಕ್ತಿಯನ್ನು (ಯುದ್ಧಕೈದಿ, ಗಾಯಾಳುವಿನಂಥವರನ್ನು) ಬೇಕೆಂದೇ ಕೊಂದರೆ ಮರಣದಂಡನೆ ಅಥವಾ ಜೀವಾವಧಿ. 2011ರಲ್ಲಿ ಪ್ರಕಾಶ್ ಕದಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸರಿಗೆ ನೇರವಾಗಿ ಹೇಳಿತು: ಮೇಲಿನವರು ನಕಲಿ ಎನ್‌ಕೌಂಟರ್‌ಗೆ ಹೇಳಿದರೆ ನಿರಾಕರಿಸುವುದೇ ಕರ್ತವ್ಯ, ಇಲ್ಲದಿದ್ದರೆ ಕೊಲೆ ಆರೋಪ ನಿಮ್ಮ ಮೇಲೆ. ಆ ತೀರ್ಪು ನಾಜಿ ನಾಯಕರ ಮೇಲಿನ ನ್ಯೂರೆಂಬರ್ಗ್ ವಿಚಾರಣೆಯನ್ನೂ ನೆನೆಯುತ್ತದೆ.

ಹಿಟ್ಲರನ ಹೆಸರು ಹೇಳುವ ಮಕ್ಕಳಿಗೆ ಬೇಕಾದ್ದು ಅಲ್ಲಿದೆ. ಆ ವಿಚಾರಣೆಗೆ ಆಧಾರವಾದ 1945ರ ಲಂಡನ್ ಸನ್ನದಿನ 8ನೇ ವಿಧಿ ‘ಮೇಲಿನವರ ಆಜ್ಞೆ’ ಎಂಬ ನೆಪ ಹೊಣೆಯಿಂದ ಬಿಡಿಸದು, ಶಿಕ್ಷೆ ಕಡಿಮೆ ಮಾಡಲು ಬೇಕಾದರೆ ಪರಿಗಣಿಸಬಹುದು ಎಂದಿತು. 1950ರಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ ಅದಕ್ಕೆ ಒಂದು ಷರತ್ತು ಸೇರಿಸಿತು: ಆ ಮನುಷ್ಯನಿಗೆ ಬೇರೆ ನೈತಿಕ ಆಯ್ಕೆ ನಿಜವಾಗಿ ಸಾಧ್ಯವಿತ್ತೇ ಎಂದು ನೋಡಬೇಕು. ಜರ್ಮನಿ ಪಾಠ ಕಲಿತದ್ದು 1956ರ ತನ್ನ ಸೈನಿಕರ ಕಾಯ್ದೆಯಲ್ಲಿ ಕಾಣುತ್ತದೆ. ಅದರ 11ನೇ ಸೆಕ್ಷನ್ ಪ್ರಕಾರ ಮನುಷ್ಯನ ಘನತೆಗೆ ಕುಂದು ತರುವ ಆಜ್ಞೆಯನ್ನು ಪಾಲಿಸದಿದ್ದರೆ ಅವಿಧೇಯತೆ ಅಲ್ಲ. ಅಪರಾಧ ಮಾಡಿಸುವ ಆಜ್ಞೆಯನ್ನಂತೂ ಪಾಲಿಸಲೇಬಾರದು.

ಹಾಗೆಂದು ಪಾಲಿಸಿದವನಿಗೆ ರಕ್ಷಣೆ ಇಲ್ಲವೆಂದಲ್ಲ. ಹಳೆಯ ಐಪಿಸಿ 76, ಈಗಿನ ಭಾರತೀಯ ನ್ಯಾಯ ಸಂಹಿತೆಯ 14ನೇ ಸೆಕ್ಷನ್ ಅಡಿಯಲ್ಲಿ ಕೊಟ್ಟಿರುವ ಉದಾಹರಣೆಯೇ ಸೈನಿಕನದು: ಕಾನೂನಿನ ಅಪ್ಪಣೆಗೆ ಅನುಸಾರವಾಗಿ, ಮೇಲಧಿಕಾರಿಯ ಆಜ್ಞೆಯಂತೆ ಗುಂಪಿನ ಮೇಲೆ ಗುಂಡು ಹಾರಿಸಿದವನು ಅಪರಾಧಿಯಲ್ಲ. ‘ಕಾನೂನಿನ ಅಪ್ಪಣೆಗೆ ಅನುಸಾರವಾಗಿ’ ಎಂಬ ಆ ತುಂಡನ್ನು ನುಂಗಿ ಉಳಿದದ್ದನ್ನು ಮಾತ್ರ ಹೇಳುವವರೇ ಹೆಚ್ಚು. ಆಜ್ಞೆ ಇತ್ತು ಎಂದರೆ ಸಾಲದು, ಆ ಆಜ್ಞೆಗೆ ಕಾನೂನಿನ ಬೆನ್ನೂ ಇರಬೇಕು.

ಇನ್ನು ‘ಇಲ್ಲ’ ಎನ್ನುವ ಕ್ರಮ. ಮೊದಲು ಆಜ್ಞೆಯನ್ನು ಅದೇ ಪದಗಳಲ್ಲಿ ಮರುಉಚ್ಚರಿಸಿ ‘ಹೀಗೇ ತಾನೇ ಸಾಬ್?’ ಎಂದು ಕೇಳುವುದು. ಇದು ಎದುರಾಡಿದಂತಲ್ಲ, ಆರ್ಡರ್ ತೆಗೆದುಕೊಳ್ಳುವ ಸರಿಯಾದ ಪದ್ಧತಿಯೇ ಹಾಗೆ. ಸಿಟ್ಟಿನಲ್ಲಿ ಬಂದ ಎಷ್ಟೋ ಆಜ್ಞೆಗಳು ಇಲ್ಲಿಯೇ ಬದಲಾಗುತ್ತವೆ, ಏಕೆಂದರೆ ಹೇಳಿದವರಿಗೂ ತಮ್ಮ ಮಾತು ಈಗ ಕೇಳಿಸಿತು, ಪಕ್ಕದಲ್ಲಿದ್ದವರೂ ಕೇಳಿಸಿಕೊಂಡರು. ಬದಲಾಗದಿದ್ದರೆ, ಯಾವ ಕೆಲಸ, ಯಾಕೆ ಅದು ಅಪರಾಧ ಎಂದು ಒಂದೇ ವಾಕ್ಯದಲ್ಲಿ, ಮೆಲುದನಿಯಲ್ಲಿ ಹೇಳಬೇಕು. ದನಿ ಏರಿಸಿದರೆ ವಿಷಯ ಹಿಂದೆ ಸರಿದು ಭಾಷೆ ಮುಂದೆ ಬರುತ್ತದೆ. ಜಾಗ ಬಿಡಬಾರದು, ಆಯುಧ ಎಸೆಯಬಾರದು, ಉಳಿದ ಎಲ್ಲ ಕಾನೂನುಬದ್ಧ ಆಜ್ಞೆಗಳನ್ನು ಪಾಲಿಸುತ್ತಲೇ ಇರಬೇಕು. ನಿರಾಕರಣೆ ಆ ಒಂದು ಕೆಲಸಕ್ಕೆ ಮಾತ್ರ. ಕೂಡಲೇ ಅವರ ಮೇಲಿನ ಅಧಿಕಾರಿಗೆ ತಿಳಿಸಿ, ಹೊತ್ತನ್ನು ಬರೆದಿಡಬೇಕು.

ಇದರಲ್ಲಿ ಅಪಾಯ ಇದೆ, ಮಕ್ಕಳಿಗೆ ಮುಚ್ಚಿಡಬೇಡಿ. ಆಜ್ಞೆ ಕಾನೂನುಬಾಹಿರ ಎಂದು ಅವನಿಗೆ ಅನ್ನಿಸಿದ್ದು ತಪ್ಪೆಂದು ಕೋರ್ಟ್ ಮಾರ್ಷಲ್ (ಸೇನೆಯ ನ್ಯಾಯಾಲಯ) ಹೇಳಿದರೆ ಶಿಕ್ಷೆ ಅವನದೇ.

ಮೂರ್ನಾಡು ಮೇಷ್ಟ್ರು:

ವಕೀಲರೇ, ಸುಬೇದಾರರೇ, ತುಂಬಾ ಉಪಕಾರ. ಒಬ್ಬಳು ವಿದ್ಯಾರ್ಥಿನಿ ಕೇಳಿದಳು: ಒಬ್ಬನೇ ನಿರಾಕರಿಸುವುದು ಕಷ್ಟ, ಹತ್ತು ಜನ ಒಟ್ಟಿಗೆ ನಿರಾಕರಿಸಿದರೆ ಸುಲಭ ಅಲ್ಲವೇ?

ಗೋಣಿಕೊಪ್ಪ ಮನಶ್ಶಾಸ್ತ್ರ:

ಆ ಹುಡುಗಿಯ ಊಹೆಗೆ ಪ್ರಯೋಗದ ಬಲವಿದೆ. ಯೇಲ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಶುರು ಮಾಡಿದ ಪ್ರಯೋಗದಲ್ಲಿ ಶಾಕ್ ಕೊಡುತ್ತದೆ ಎಂದು ಹೇಳಿದ 30 ಸ್ವಿಚ್ಚುಗಳ ಒಂದು ಪೆಟ್ಟಿಗೆ ಇತ್ತು. 15 ವೋಲ್ಟಿನಿಂದ 15-15 ಏರುತ್ತ 450 ವೋಲ್ಟಿನವರೆಗೆ. ಪಕ್ಕದ ಕೋಣೆಯಲ್ಲಿರುವವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಮುಂದಿನ ಸ್ವಿಚ್ ಒತ್ತಬೇಕು. ನಿಜಕ್ಕೂ ಯಾರಿಗೂ ಶಾಕ್ ಹೊಡೆಯುತ್ತಿರಲಿಲ್ಲ, ಒತ್ತುವವನಿಗೆ ಅದು ಗೊತ್ತಿರಲಿಲ್ಲ. 40 ಜನರಲ್ಲಿ 26 ಮಂದಿ ಕೊನೆಯ ಸ್ವಿಚ್‌ವರೆಗೆ ಹೋದರು. 300 ವೋಲ್ಟಿಗಿಂತ ಮೊದಲು ಒಬ್ಬನೂ ನಿಲ್ಲಿಸಲಿಲ್ಲ.

ಎಲ್ಲರೂ ಹೇಳುವುದು ಇಷ್ಟನ್ನೇ. ಇದಕ್ಕಿಂತ ಉಪಯೋಗದ ವಿಷಯ ಆಮೇಲಿನ ಬದಲಾವಣೆಗಳಲ್ಲಿದೆ. ಆಜ್ಞೆ ಕೊಡುವವನು ಕೋಣೆಯಿಂದ ಹೊರಗೆ ಹೋಗಿ ಫೋನಿನಲ್ಲಿ ಹೇಳಿದಾಗ ಕೊನೆಯವರೆಗೆ ಹೋದವರು ಸುಮಾರು ಐದರಲ್ಲಿ ಒಬ್ಬರು. ಜೊತೆಗೆ ಕುಳಿತ ಇಬ್ಬರು ‘ಇನ್ನು ನಾವು ಮಾಡಲ್ಲ’ ಎಂದು ಎದ್ದಾಗ 40ರಲ್ಲಿ 4 ಮಂದಿ. ಇಬ್ಬರು ಮೇಲಿನವರು ಪರಸ್ಪರ ವಿರುದ್ಧ ಆಜ್ಞೆ ಕೊಟ್ಟಾಗ ಕೊನೆಗೆ ಹೋದವರೇ ಇಲ್ಲ. ಕೆಲವರಿಗೆ ಶಾಕ್ ಸುಳ್ಳೆಂಬ ಅನುಮಾನ ಬಂದಿತ್ತು ಎಂಬ ಟೀಕೆ ಆಮೇಲೆ ಬಂದಿದೆ, ಎದುರು ತಂಡ ಅದನ್ನು ಎತ್ತಬಹುದು. ಆದರೂ 15-15 ವೋಲ್ಟಿನ ಆ ಮೆಟ್ಟಿಲು ಮಕ್ಕಳಿಗೆ ತೋರಿಸಿ. ಮೊದಲ ಸ್ವಿಚ್ಚಿನಲ್ಲೇ 450 ಎಂದಿದ್ದರೆ ಎದ್ದು ಹೋಗುತ್ತಿದ್ದವನು, 435 ಒತ್ತಿ ಆದಮೇಲೆ 450ಕ್ಕೆ ಯಾವ ಕಾರಣ ಹೇಳಿ ನಿಲ್ಲಿಸುತ್ತಾನೆ?

ಪಾಲಿಬೆಟ್ಟ ಸುಬೇದಾರ್:

ಮನಶ್ಶಾಸ್ತ್ರ ಹೇಳುವುದು ಸರಿ ಇರಬಹುದು, ಆದರೆ ಆ ಮಗುವಿಗೆ ದಯವಿಟ್ಟು ಇದನ್ನೂ ಹೇಳಿ. ಸೇನೆಯಲ್ಲಿ ಒಬ್ಬ ನಿರಾಕರಿಸಿದರೆ ಅವಿಧೇಯತೆ, ಇಬ್ಬರು ಕೂಡಿಕೊಂಡು ನಿರಾಕರಿಸಿದರೆ ದಂಗೆಯ ಆರೋಪ. 37ನೇ ಸೆಕ್ಷನ್, ಗರಿಷ್ಠ ಶಿಕ್ಷೆ ಮರಣ. ಸೇರಿದವನಿಗೆ ಮಾತ್ರವಲ್ಲ, ಅಲ್ಲಿದ್ದೂ ತಡೆಯಲು ಕೈಲಾದಷ್ಟು ಮಾಡದವನಿಗೆ, ಸುಳಿವು ಗೊತ್ತಿದ್ದೂ ತಡಮಾಡದೆ ಮೇಲಕ್ಕೆ ತಿಳಿಸದವನಿಗೆ ಕೂಡ. ಅದಕ್ಕಾಗಿಯೇ ಹತ್ತು ಜನ ಸಹಿ ಹಾಕಿದ ಒಂದು ಅರ್ಜಿ ಕೊಡುವಂತಿಲ್ಲ. ಹತ್ತು ಜನರಿಗೂ ಒಂದೇ ಕಷ್ಟವಿದ್ದರೆ ಹತ್ತು ಅರ್ಜಿ, ಒಬ್ಬೊಬ್ಬರದು ಒಂದೊಂದು, ಅವರವರ ಮಾತಿನಲ್ಲೇ. ಒಂದೇ ಕಾಗದವನ್ನು ನಕಲು ಮಾಡಿಸಿ ಹೆಸರು ಬದಲಿಸಿದರೂ ಒಳಸಂಚು ಎಂಬ ಅನುಮಾನಕ್ಕೆ ದಾರಿ.

ಒಟ್ಟಾಗಿ ನಿಂತವರ ಕಥೆಯೂ ಚರಿತ್ರೆಯಲ್ಲಿದೆ. 1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ರಾಯಲ್ ಗಢವಾಲ್ ರೈಫಲ್ಸಿನ ಸಿಪಾಯಿಗಳು ಒಪ್ಪಲಿಲ್ಲ. ಮುಂದೆ ನಿಂತ ಚಂದ್ರಸಿಂಗ್ ಗಢವಾಲಿಗೆ ಜೀವಾವಧಿ ಶಿಕ್ಷೆಯಾಯಿತು, 1941ರಲ್ಲಿ ಬಿಡುಗಡೆ. ಇಂದು ನಾವು ಅವರಿಗೆ ಕೈಮುಗಿಯುತ್ತೇವೆ, ಮುಗಿಯಲೇಬೇಕು. ಅವರು ತೆತ್ತ 11 ವರ್ಷವನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಅದರ ಹಿಂದಿನದು 1919ರ ಏಪ್ರಿಲ್ 13, ಜಲಿಯನ್‌ವಾಲಾ ಬಾಗ್. 50 ಬಂದೂಕುಗಳು, 1650 ಗುಂಡುಗಳು. ಎಚ್ಚರಿಕೆ ಕೊಡಲಿಲ್ಲ, ಗಾಯಾಳುಗಳತ್ತ ತಿರುಗಿಯೂ ನೋಡಲಿಲ್ಲ. ಹಾರಿಸಿದವರೂ ಬ್ರಿಟಿಷ್ ಇಂಡಿಯನ್ ಸೇನೆಯ ಸಿಪಾಯಿಗಳೇ, ಆಜ್ಞೆ ಪಾಲಿಸಿದವರೇ.

ಗುಂಪು ಚದುರಿಸಲು ಸೇನೆಯನ್ನು ಕರೆದಾಗ ಇಂದಿನ ಡ್ರಿಲ್ ಹೇಗಿದೆ ನೋಡಿದರೆ ಆ ದಿನದ ಒಂದೊಂದು ತಪ್ಪಿಗೂ ಒಂದೊಂದು ಬೀಗ ಹಾಕಿರುವುದು ಕಾಣುತ್ತದೆ. ಮ್ಯಾಜಿಸ್ಟ್ರೇಟ್ ಸ್ಥಳದಲ್ಲಿ ಇರಬೇಕು, ಬೇಡಿಕೆ ಬರಹದಲ್ಲಿ ಇರಬೇಕು. ಬಿಗುಲ್ ಊದಿ, ಸ್ಥಳೀಯ ಭಾಷೆಯ ಬ್ಯಾನರ್ ಬಿಚ್ಚಿ, ಮೈಕಿನಲ್ಲಿ ಎಚ್ಚರಿಸಬೇಕು. ಗುಂಡು ಹಾರಿಸಲೇಬೇಕಾದರೆ ಎಲ್ಲರಿಗೂ ಒಟ್ಟಿಗೆ ಹುಕುಂ ಇಲ್ಲ. ಕಮಾಂಡರ್ ಜವಾನನ ಹೆಸರು ಹಿಡಿದು ಎಷ್ಟು ರೌಂಡು (ಗುಂಡು), ಯಾವ ಗುರಿ ಎಂದು ಹೇಳಬೇಕು. ತಲೆಯ ಮೇಲೆ ಗಾಳಿಯಲ್ಲಿ ಹಾರಿಸುವಂತಿಲ್ಲ, ಅದು ದೂರದ ಮಹಡಿಯಲ್ಲಿ ನಿಂತವರಿಗೆ ತಗಲುತ್ತದೆ. ಗುರಿ ಕೆಳಗೆ, ಕಾಲಿನ ಮಟ್ಟಕ್ಕೆ. ಗುಂಡು ಹಾರಿಸುವುದು ನಿಂತ ಕೂಡಲೇ ನೆಲದ ಮೇಲೆ ಬಿದ್ದ ಗುಂಡಿನ ಖಾಲಿ ಕೇಸುಗಳನ್ನು ಹೆಕ್ಕಿ ಎಣಿಸಬೇಕು. ಕೊಟ್ಟ ರೌಂಡು, ಉಳಿದ ರೌಂಡು, ಸಿಕ್ಕ ಕೇಸು ಮೂರೂ ತಾಳೆಯಾಗಬೇಕು. ಗಾಯಾಳುಗಳಿಗೆ ಚಿಕಿತ್ಸೆ ಅಲ್ಲಿಂದಲೇ ಶುರು. ಆ ಹಿತ್ತಾಳೆಯ ಖಾಲಿ ಕೇಸು ಹಾರಿಸಿದವನಿಗೂ ಹೇಳಿದವನಿಗೂ ಒಟ್ಟಿಗೆ ಸಾಕ್ಷಿ.

ಇನ್ನೊಂದು ವಿಷಯ, ನಮ್ಮ ಜಿಲ್ಲೆಯವರು ತಪ್ಪಾಗಿ ತಿಳಿಯುವುದು. ಡಿ.ಸಿ. ಸಾಹೇಬರು ಜವಾನನಿಗೆ ನೇರ ಆರ್ಡರ್ ಕೊಡುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 149ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟ್ ‘ಈ ಗುಂಪು ಚದುರಿಸಿ’ ಎಂದು ಸೇನಾಧಿಕಾರಿಯನ್ನು ಕೇಳಬಹುದು. ಹೇಗೆ ಎಂಬುದು ಆ ಅಧಿಕಾರಿಯ ವಿವೇಚನೆ, ಬಲ ಮಾತ್ರ ಆದಷ್ಟು ಕಡಿಮೆ. 2018ರ ಆಗಸ್ಟ್ ಭೂಕುಸಿತದಲ್ಲಿ ಸೇನೆ ಬಂದದ್ದು ಬೇರೆ ಬಗೆ, ಅದು ವಿಪತ್ತಿನ ನೆರವು. ಅಲ್ಲಿಯೂ ಜಿಲ್ಲಾಡಳಿತ ಕೆಲಸ ತೋರಿಸುತ್ತದೆ, ಹಗ್ಗ ಎಲ್ಲಿ ಕಟ್ಟಬೇಕು, ಯಾರು ಮೊದಲು ಇಳಿಯಬೇಕು ಎಂದು ಹೇಳುವವರು ಆ ತುಕಡಿಯ ಕಮಾಂಡರ್.

ಕುಶಾಲನಗರ ಇತಿಹಾಸ:

ತಿಮ್ಮಯ್ಯನವರ ವಿಷಯ. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರು. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಜೊತೆ ಬಡ್ತಿಗಳೂ ಸೇರಿ ಹಲವು ವಿಷಯಗಳಲ್ಲಿ ತಿಕ್ಕಾಟ. 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು, ಪ್ರಧಾನಿ ನೆಹರೂ ಮಾತಾಡಿ ಹಿಂತೆಗೆಸಿದರು. ಅಷ್ಟರಲ್ಲಿ ಸುದ್ದಿ ಪತ್ರಿಕೆ ಸೇರಿತ್ತು. ಸೆಪ್ಟೆಂಬರ್ 2ರಂದು ನೆಹರೂ ಲೋಕಸಭೆಯಲ್ಲಿ ನಾಗರಿಕ ಅಧಿಕಾರವೇ ಮೇಲು ಎಂದು ಒತ್ತಿ ಹೇಳಿದರು.

ಇದು ಅವಿಧೇಯತೆ ಅಲ್ಲ. ಒಂದು ಆಜ್ಞೆಯನ್ನೂ ಅವರು ಮೀರಲಿಲ್ಲ. ರಾಜೀನಾಮೆ ಸರ್ಕಾರ ಒಪ್ಪಿದ ಮೇಲಷ್ಟೇ ಜಾರಿಯಾಗುತ್ತದೆ, ಅಲ್ಲಿಯವರೆಗೆ ಅಧಿಕಾರಿ ಆಜ್ಞೆಗೆ ಬದ್ಧ. ಅವರು ಬದ್ಧರಾಗಿಯೇ ಇದ್ದರು. ಭಿನ್ನಾಭಿಪ್ರಾಯವನ್ನು ಹುದ್ದೆಯ ಬೆಲೆ ಕೊಟ್ಟು ಹೇಳುವುದು ಸೇನಾ ಮುಖ್ಯಸ್ಥನಿಗೆ ಇರುವ ಕೊನೆಯ ಮರ್ಯಾದೆಯ ದಾರಿ. ಆದರೆ ಹಿಂತೆಗೆದುಕೊಂಡದ್ದರಿಂದ ಅವರ ಕೈ ಬಲಹೀನವಾಯಿತು ಎಂದು ನನ್ನ ಅಭಿಪ್ರಾಯ. ಸಚಿವರು ಹುದ್ದೆಯಲ್ಲಿ ಉಳಿದರು, ಕಾರಣಗಳು ಉಳಿದವು, ಆ ಅಸ್ತ್ರ ಮಾತ್ರ ಖರ್ಚಾಯಿತು. ಇದನ್ನು ಹೇಳಿದರೆ ಊರಿನಲ್ಲಿ ಕೆಲವರಿಗೆ ಬೇಸರವಾಗುತ್ತದೆ. ಅವರ ಮೇಲಿನ ಗೌರವದಿಂದಲೇ ಹೇಳುತ್ತಿದ್ದೇನೆ.

ಮಕ್ಕಳಿಗೆ ಅವರ ಇನ್ನೊಂದು ಅಧ್ಯಾಯವೂ ಬೇಕು: ಕೊರಿಯಾ, 1953-54. ಊರಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳು ಭಾರತದ ಕಾವಲು ಪಡೆಯ ಕೈಯಲ್ಲಿ. ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಬಲವಂತದಿಂದಾದರೂ ವಿವರಣೆಯ ಗುಡಾರಕ್ಕೆ (ಅವರ ದೇಶದವರು ‘ಮರಳಿ ಬಾ’ ಎಂದು ತಿಳಿಹೇಳುವ ಜಾಗಕ್ಕೆ) ಎಳೆದು ತರಬೇಕು ಎಂದು ಪೋಲೆಂಡ್, ಜೆಕೊಸ್ಲೊವಾಕಿಯಾ. ಕೂಡದು ಎಂದು ಸ್ವೀಡನ್, ಸ್ವಿಟ್ಜರ್ಲೆಂಡ್. ನಿರ್ಧಾರದ ಭಾರ ಬಿದ್ದದ್ದು ಮಡಿಕೇರಿಯ ಈ ಮನುಷ್ಯನ ಮೇಲೆ. ಬಲ ಬಳಸಲಿಲ್ಲ. ಸಿಕ್ಕ ಅಧಿಕಾರವನ್ನು ಪೂರ್ತಿ ಬಳಸದೆ ತಡೆದು ಹಿಡಿಯುವುದೂ ಶಿಸ್ತೇ.

ಸೋಮವಾರಪೇಟೆ ವಿಧಾನಮಂಡಲ:

ವಿಪ್ ವಿಷಯಕ್ಕೆ ಬರುತ್ತೇನೆ. ಒಂದೇ ತಕ್ಕಡಿ ಖಂಡಿತ ಅಲ್ಲ ಮೇಷ್ಟ್ರೇ. ಸೈನಿಕ ಮಾತಾಡದೆ ಕೆಲಸ ಮಾಡಲು ಸಂಬಳ ಪಡೆಯುತ್ತಾನೆ. ಶಾಸಕನನ್ನು ನಾವು ಆರಿಸುವುದೇ ಮಾತಾಡಲಿ ಎಂದು.

1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ ಸೇರಿಸಿತು. ಪಕ್ಷದ ನಿರ್ದೇಶನಕ್ಕೆ ವಿರುದ್ಧ ಮತ ಹಾಕಿದರೆ ಅಥವಾ ಮತ ಹಾಕದೆ ದೂರ ಉಳಿದರೆ, ಮೊದಲೇ ಅನುಮತಿ ಪಡೆದಿರದಿದ್ದರೆ, 15 ದಿನದೊಳಗೆ ಪಕ್ಷ ಮನ್ನಿಸದಿದ್ದರೆ, ಸದಸ್ಯತ್ವ ಹೋಗುತ್ತದೆ. ತಾನಾಗಿ ಹೋಗುವುದಿಲ್ಲ, ಸ್ಪೀಕರ್ ಮುಂದೆ ಅರ್ಜಿ ಬರಬೇಕು. 2020ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಸಾಮಾನ್ಯವಾಗಿ ಮೂರು ತಿಂಗಳ ಗಡುವು ಎಂದಿತು. 2023ರಲ್ಲಿ ಇನ್ನೊಂದು ಗೊಂದಲ ತೀರಿಸಿತು: ವಿಪ್ ಹೊರಡಿಸುವವರನ್ನು ನೇಮಿಸುವುದು ಮೂಲ ರಾಜಕೀಯ ಪಕ್ಷ, ಶಾಸಕರ ಗುಂಪಲ್ಲ.

ಇದೇ ಅನುಸೂಚಿಯ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1992ರ ಕಿಹೊಟೊ ಹೊಲ್ಲೊಹಾನ್ ತೀರ್ಪನ್ನು ಮಕ್ಕಳು ಓದಲಿ. ಸದಸ್ಯತ್ವ ಕಳೆಯುವಂಥ ವಿಪ್ ಸರ್ಕಾರದ ಉಳಿವಿನ ಮತಕ್ಕೋ ಪಕ್ಷದ ಮೂಲ ನೀತಿಗೋ ಸೀಮಿತವಾಗಿರಬೇಕು ಎಂಬ ಆಶಯ ಅದರಲ್ಲಿದೆ. ನಡೆಯುತ್ತಿರುವುದು ಹಾಗಿಲ್ಲ, ಪ್ರತಿ ಮಸೂದೆಗೂ ವಿಪ್. ರಾಜ್ಯಸಭಾ ಚುನಾವಣೆಯಲ್ಲಿ ಶಾಸಕ ತನ್ನ ಮತವನ್ನು ಪಕ್ಷದ ಏಜೆಂಟರಿಗೆ ತೋರಿಸಬೇಕು ನಿಜ, ಆದರೆ ಅಡ್ಡಮತ ಹಾಕಿದ್ದಕ್ಕೆ ಹತ್ತನೇ ಅನುಸೂಚಿಯಡಿ ಸ್ಥಾನ ಹೋಗದು. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, ಹಾಗಾಗಿ ವಿಪ್ಪೂ ಇಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿ, ಪುರಸಭೆಗಳಿಗೆ ಕರ್ನಾಟಕದ 1987ರ ಪಕ್ಷಾಂತರ ನಿಷೇಧ ಕಾಯ್ದೆ ಬೇರೆಯೇ ಇದೆ.

ನಮ್ಮ ಜಿಲ್ಲೆಗೆ ಹತ್ತಿರದ ಉದಾಹರಣೆ 2010ರ ಅಕ್ಟೋಬರ್. ಆಗ ಸ್ಪೀಕರ್ ವಿರಾಜಪೇಟೆ ಶಾಸಕರಾದ ಕೆ.ಜಿ. ಬೋಪಯ್ಯ. ಮುಖ್ಯಮಂತ್ರಿಯ ಮೇಲೆ ವಿಶ್ವಾಸವಿಲ್ಲವೆಂದು ರಾಜ್ಯಪಾಲರಿಗೆ ಪತ್ರ ಕೊಟ್ಟ ಬಿಜೆಪಿಯ 11 ಮತ್ತು 5 ಪಕ್ಷೇತರ ಶಾಸಕರನ್ನು ವಿಶ್ವಾಸಮತಕ್ಕೆ ಮೊದಲೇ ಅನರ್ಹಗೊಳಿಸಿದರು. 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಪಕ್ಷದ ನಾಯಕ ಬದಲಾಗಲಿ ಎನ್ನುವುದು ಪಕ್ಷ ಬಿಟ್ಟಂತಲ್ಲ, ಉತ್ತರ ಕೊಡಲು ಸಾಕಷ್ಟು ಸಮಯವನ್ನೂ ಕೊಡಲಿಲ್ಲ ಎಂಬುದು ಅದರ ಸಾರ. 2019ರಲ್ಲಿ ಉಲ್ಟಾ: 17 ಶಾಸಕರ ಅನರ್ಹತೆಯನ್ನು ಕೋರ್ಟ್ ಎತ್ತಿಹಿಡಿಯಿತು, ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದೆಂಬ ಭಾಗವನ್ನು ಮಾತ್ರ ತೆಗೆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ: ಬದ್ಧತೆ ಯಾರಿಗೆ, ಪಕ್ಷಕ್ಕೋ, ಪಕ್ಷದ ಮೇಲಿರುವ ಒಬ್ಬರಿಗೋ? ಸೈನಿಕನಿಗೆ ಈ ಗೊಂದಲವೇ ಇಲ್ಲ, ಅವನ ಪ್ರಮಾಣ ಸಂವಿಧಾನದ ಹೆಸರಿನಲ್ಲಿ.

ಮಡಿಕೇರಿ ಗುಮಾಸ್ತೆ:

ಇಲ್ಲಿಯವರೆಗೆ ಬಂದೂಕು, ವಿಧಾನಸಭೆ ಆಯಿತು. ಈ ಮಕ್ಕಳಲ್ಲಿ ಹೆಚ್ಚಿನವರು ನಾಳೆ ಹೋಗುವುದು ಸರ್ಕಾರಿ ಕಚೇರಿಗೆ. ಅಲ್ಲಿ ಆಜ್ಞೆ ಬರುವುದು ಫೋನಿನಲ್ಲಿ. ‘ಪರಿವರ್ತನೆ ಆಗದ ಆ ಗದ್ದೆಗೆ ಖಾತೆ ಮಾಡಿಬಿಡು, ಮೇಲಿನಿಂದ ಹೇಳಿದ್ದಾರೆ.’ ಮೇಲಿನಿಂದ ಅಂದರೆ ಯಾರು? ಆ ಹೆಸರು ಯಾವ ಫೈಲಿನಲ್ಲೂ ಇರುವುದಿಲ್ಲ. ಆರು ತಿಂಗಳ ನಂತರ ನೋಟಿಸ್ ಬರುವುದು ಸಹಿ ಹಾಕಿದವನಿಗೆ.

ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲೂ ಅಖಿಲ ಭಾರತ ಸೇವೆಗಳ 1968ರ ನಿಯಮಗಳಲ್ಲೂ ಮಾತು ಸ್ಪಷ್ಟ: ಆದೇಶ ಸಾಮಾನ್ಯವಾಗಿ ಬರಹದಲ್ಲೇ ಇರಬೇಕು. ಅನಿವಾರ್ಯವಾಗಿ ಬಾಯಲ್ಲಿ ಹೇಳಿದರೆ ಕೂಡಲೇ ಬರಹದಲ್ಲಿ ದೃಢಪಡಿಸುವುದು ಹೇಳಿದವರ ಕೆಲಸ, ದೃಢೀಕರಣ ಕೇಳುವುದು ಕೇಳಿಸಿಕೊಂಡವರ ಕೆಲಸ. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಬಾಯಿಮಾತಿನ ಆದೇಶದ ಮೇಲೆ ನಡೆಯಬೇಡಿ, ದಾಖಲಿಸಿ ಎಂದಿತು.

ಕೆಲಸದಲ್ಲಿ ಇದನ್ನು ಬಳಸುವುದು ಹೀಗೆ. ಫೋನ್ ಇಟ್ಟ ಹತ್ತು ನಿಮಿಷದೊಳಗೆ, ಖಾತೆಗೆ ಕೈಹಚ್ಚುವ ಮೊದಲು, ಕಚೇರಿಯ ಇ-ಮೇಲ್‌ನಿಂದ ಮೂರೇ ವಾಕ್ಯ: ‘ಮಾನ್ಯರೇ, ಇಂದು ಸಂಜೆ 4.20ಕ್ಕೆ ದೂರವಾಣಿಯಲ್ಲಿ ತಾವು ಇಂಥ ಸರ್ವೆ ನಂಬರಿಗೆ ಖಾತೆ ಮಾಡುವಂತೆ ಸೂಚಿಸಿರುತ್ತೀರಿ. ಸದರಿ ಜಮೀನಿಗೆ ಭೂ ಪರಿವರ್ತನೆ ಆದೇಶ ಕಡತದಲ್ಲಿ ಕಂಡುಬಂದಿರುವುದಿಲ್ಲ. ಮುಂದಿನ ಕ್ರಮಕ್ಕಾಗಿ ತಮ್ಮ ಲಿಖಿತ ಆದೇಶ ಕೋರಿದೆ.’ ‘ಕಾನೂನುಬಾಹಿರ’ ಎಂಬ ಪದ ಬರೆಯಬೇಡಿ, ಅದು ಆರೋಪವಾಗುತ್ತದೆ. ಯಾವ ಕಾಗದ ಇಲ್ಲ ಎಂದು ಮಾತ್ರ ಬರೆಯಿರಿ. ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಅಳಿಸಿಹೋಗುತ್ತದೆ. ಪ್ರಿಂಟ್ ತೆಗೆದು ಫೈಲಿನ ಟಿಪ್ಪಣಿ ಹಾಳೆಗೆ ಸೇರಿಸಿ, ಪುಟಸಂಖ್ಯೆ ಹಾಕಿ. ಪುಟಸಂಖ್ಯೆ ಇಲ್ಲದ ಹಾಳೆ ಒಂದು ದಿನ ಕಾಣೆಯಾಗುತ್ತದೆ.

ಹೆಚ್ಚಿನ ಸಲ ಉತ್ತರವೇ ಬರುವುದಿಲ್ಲ, ಆ ಫೋನೂ ಮತ್ತೆ ಬರುವುದಿಲ್ಲ. ಮತ್ತೆ ಬಂದರೆ ‘ಸರ್, ಮೇಲ್ ಕಳಿಸಿದ್ದೇನೆ, ಅದಕ್ಕೇ ಒಂದು ಸಾಲು ಉತ್ತರ ಕೊಟ್ಟರೆ ಫೈಲ್ ಮುಂದಕ್ಕೆ ಕಳಿಸುತ್ತೇನೆ’ ಎಂದಷ್ಟೇ ಹೇಳಬೇಕು.

ವಿರಾಜಪೇಟೆ ವಕೀಲೆ:

ಗುಮಾಸ್ತರ ಆ ಮೂರು ವಾಕ್ಯವನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿ ಮೇಷ್ಟ್ರೇ. ಮೊದಲು ಬಿಟ್ಟುಹೋದದ್ದು ಒಂದಿದೆ: ಯೂನಿಟ್ಟಿನಲ್ಲೇ ಸಮ್ಮರಿ ಕೋರ್ಟ್ ಮಾರ್ಷಲ್ (ಕಮಾಂಡಿಂಗ್ ಆಫೀಸರ್, ಅಂದರೆ ಸಿ.ಒ., ನಡೆಸುವ ಚುಟುಕು ವಿಚಾರಣೆ) ನಡೆದರೆ ಜವಾನನ ಪರ ವಕೀಲರು ವಾದಿಸುವಂತಿಲ್ಲ, ‘ಆರೋಪಿಯ ಮಿತ್ರ’ ಎಂದು ಒಬ್ಬರು ಪಕ್ಕದಲ್ಲಿ ಕುಳಿತು ಸಲಹೆ ಕೊಡಬಹುದು. ಸಿ.ಒ. ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯವರಾದರೆ ಅದರಲ್ಲಿ 1 ವರ್ಷದವರೆಗೆ ಜೈಲು ವಿಧಿಸಬಹುದು. ಕೋರ್ಟ್ ಮಾರ್ಷಲ್ ತೀರ್ಪಿನ ವಿರುದ್ಧ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಮೇಲ್ಮನವಿ 90 ದಿನದೊಳಗೆ. ಸೇವಾ ವಿಷಯದ ದೂರಾದರೆ ಮೊದಲು 26ನೇ ಸೆಕ್ಷನ್ನಿನ ದಾರಿ ಮುಗಿಸಿರಬೇಕು, ಅಲ್ಲಿಯ ಅಂತಿಮ ಆದೇಶದಿಂದ 6 ತಿಂಗಳು. ಊರಿಗೆ ರಜೆಯಲ್ಲಿ ಬಂದಾಗ ಕಾಗದ ಹಿಡಿದು ಬರುವವರಲ್ಲಿ ಈ ದಿನಗಳು ಕಳೆದ ಮೇಲೆ ಬರುವವರೇ ಜಾಸ್ತಿ. ಆದೇಶದ ಪ್ರತಿ ಕೈಗೆ ಬಂದ ತಾರೀಖನ್ನು ಅದರ ಹಿಂಬದಿಯಲ್ಲೇ ಪೆನ್ನಿನಿಂದ ಬರೆದಿಟ್ಟುಕೊಳ್ಳಲು ಮನೆಯ ಹುಡುಗರಿಗೆ ಹೇಳಿ.